ಐವತ್ತನೆಯ ವರ್ಷದ ಕೇಕು

ವಾಚಕರಿಂದ ನಮಗೆ ಬರುವ ಕಾಗದಗಳಲ್ಲಿ ಬಹುಪಾಲು ಒಂದೇ ಬಗೆಯವು. ಉಪ್ಪಿನಕಾಯಿಗೆ ಬೂಷ್ಟು ಬಂದುದೇಕೆ, ಹೋಳಿಗೆ ಲಟ್ಟಿಸುವಾಗ ಹರಿಯುವುದೇಕೆ, ಬೇಸಗೆಯಲ್ಲಿ ಹಾಲು ಒಡೆಯದಂತೆ ಇಡುವುದು ಹೇಗೆ, ಎಂಬಿಂಥ ಪ್ರಶ್ನೆಗಳಿಗೆ ನಾವು ಯಥಾಶಕ್ತಿ ಉತ್ತರ ಬರೆಯುತ್ತ ಬಂದಿದ್ದೇವೆ. ಆದರೆ ಕಳೆದ ಮಾಘ ಮಾಸದಲ್ಲಿ ಬಂದ ಒಂದು ಕಾಗದಕ್ಕೆ ಕೂಡಲೆ ಉತ್ತರ ಬರೆಯಲು ನಮ್ಮಿಂದಾಗಲಿಲ್ಲ. ಎರಡು ದಿನ ಅದನ್ನು ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೆವು. ಅದರಲ್ಲಿ ಕೇಳಿದ್ದುದು ಕೇಕಿನ ವಿಷಯ. ಆದರೆ ಆ ಕೇಕಿನ ಹಿಂದೆ ಬೇರೊಂದು ಮಾತಿತ್ತು.

ಕಾಗದ ಬಂದುದು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನಿಂದ. ಬರೆದ ಸೋದರಿ ಮಸ್ಕಿಯ ಕಡೆಯ ಒಕ್ಕಲು ಮನೆತನದ ಹೆಣ್ಣುಮಗಳು; ಸೇರಿರುವುದು ಕ್ಯಾಂಪಿನ ಬಂಗಾಳಿ ಮನೆಯನ್ನು. ಅವರ ಒಪ್ಪಿಗೆ ಪಡೆದು, ಹೆಸರನ್ನು ಮಾತ್ರ ಬಿಟ್ಟು, ಕಾಗದದ ಮುಖ್ಯ ಭಾಗವನ್ನು ಇಲ್ಲಿ ಕೊಡುತ್ತೇವೆ.

“ನಮ್ಮ ಅತ್ತೆ ಮಾವಂದಿರ ಮದುವೆಯಾಗಿ ಬರುವ ಫಾಲ್ಗುಣಕ್ಕೆ ಐವತ್ತು ವರ್ಷ ತುಂಬುತ್ತದೆ. ಕ್ಯಾಂಪು ಆಗಿ ಇನ್ನೂ ಕೆಲವೇ ವರ್ಷಗಳಾಗಿದ್ದ ಕಾಲವಂತೆ ಅದು. ಕೈಯಲ್ಲಿ ಕಾಸಿರಲಿಲ್ಲ. ಬಂದವರಿಗೆಲ್ಲ ಬತ್ತಾಸು ಹಂಚಿದರಂತೆ. ಮದುಮಗಳ ಕೈಗೆ ಬರುವಷ್ಟರಲ್ಲಿ ಅದೂ ಮುಗಿದಿತ್ತಂತೆ. ‘ನಿನಗೊಂದು ಸಿಹಿ ಬಾಕಿಯಿದೆ’ ಎಂದು ಮಾವನವರು ಈಗಲೂ ನಗೆಯಾಡುತ್ತಾರೆ. ಈ ಸಲ ಪದರ ಪದರದ ಕೇಕೊಂದನ್ನು ನಾನೇ ಮಾಡಬೇಕೆಂದು ಆಸೆ. ಆದರೆ ಹೆದರಿಕೆಯೂ ಇದೆ. ಹೋದ ವರ್ಷ ನಮ್ಮ ಮದುವೆಯ ದಿನದಂದು ಮನೆಯವರು ಪೇಟೆಯಿಂದ ಕೇಕು ತಂದಿದ್ದರು. ನಾನು ಮೊದಲ ತುಂಡನ್ನು ಅತ್ತೆಯವರಿಗೆ ಕೊಟ್ಟೆ. ಅವರು ತಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದುಹೋದರು. ನಾನು ಕೊಟ್ಟುದು ಅವರಿಗೆ ಬೇಡವಾಯಿತೆಂದು ಆ ರಾತ್ರಿ ಅತ್ತೆ. ನಾಲ್ಕು ತಿಂಗಳಾದ ಮೇಲೆ ಮನೆಯವರು ಹೇಳಿದರು: ಕೊರಳಿಗೆ ತುಲಸಿಯ ಕಂಠಿ ಕಟ್ಟಿಸಿಕೊಂಡ ಮೇಲೆ ಅತ್ತೆಯವರು ಮೀನನ್ನೂ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅದು ನನಗೆ ತಿಳಿದೇ ಇತ್ತು. ಕೇಕಿನಲ್ಲಿ ಮೊಟ್ಟೆ ಇರುತ್ತದೆಂಬುದು ಮಾತ್ರ ಹೊಳೆಯಲಿಲ್ಲ. ಅತ್ತೆಯವರು ಗದರಿಸುವವರಲ್ಲ. ಆದರೆ ಈ ಎರಡು ವರ್ಷಗಳಲ್ಲಿ ನಾನು ಮಾಡಿದ ಅಡುಗೆಯನ್ನು ಒಳ್ಳೆಯದೆಂದಾಗಲಿ ಕೆಟ್ಟದೆಂದಾಗಲಿ ಅವರು ಹೇಳಿದುದಿಲ್ಲ. ನಮ್ಮಲ್ಲಿ ಕೇಕು ಬೇಯಿಸುವ ಒಲೆಯಿಲ್ಲ. ಗ್ಯಾಸಿನ ಒಲೆ, ಕಟ್ಟಿಗೆಯ ಒಲೆ ಇವೆ. ಮೊಟ್ಟೆಯಿಲ್ಲದೆ, ನಮ್ಮ ಬಿಸಿಲಿಗೆ ಕರಗದೆ ನಿಲ್ಲುವಂಥ ಪದರದ ಕೇಕನ್ನು ಹೇಗೆ ಮಾಡಬೇಕು, ದಯಮಾಡಿ ತಿಳಿಸಿರಿ.”

ಈ ಊರನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಆರ್.ಎಚ್. ಎಂಬುದು ‘ರಿಹ್ಯಾಬಿಲಿಟೇಶನ್’ ಎಂಬ ಇಂಗ್ಲಿಷ್ ಮಾತಿನ ಕುರುಹು. ಪುನರ್ವಸತಿ ಎಂದು ಅದರ ಅರ್ಥ. 1947ರಲ್ಲಿ ದೇಶ ಎರಡಾದ ಮೇಲೆ ಪೂರ್ವ ಪಾಕಿಸ್ತಾನವೆನಿಸಿಕೊಂಡ ಸೀಮೆಯಿಂದ, ಎಂದರೆ 1971ರಲ್ಲಿ ಬಾಂಗ್ಲಾದೇಶವಾದ ನಾಡಿನಿಂದ, ಮನೆಮಾರು ಬಿಟ್ಟು ಬಂದ ಬಂಗಾಳಿ ಕುಟುಂಬಗಳಲ್ಲಿ ಕೆಲವಕ್ಕೆ ಸರ್ಕಾರವು 1970ರ ಸುಮಾರಿನಲ್ಲಿ ಸಿಂಧನೂರಿನ ನೆಲದಲ್ಲಿ ನೆಲೆ ಕೊಟ್ಟಿತು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರು ಹರಿದು ಜೋಳದ ಭೂಮಿ ಭತ್ತದ ಗದ್ದೆಯಾದ ಸೀಮೆಯಿದು. ಊರಿಗೆ ಹೆಸರಿಡುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲವೋ ಏನೋ, ಆರ್.ಎಚ್. ಎಂಬ ಅಕ್ಷರಗಳ ಮುಂದೆ ಒಂದು, ಎರಡು, ಮೂರು ಎಂದು ಅಂಕೆ ಹಾಕಿ ಕರೆದರು. ಆ ಅಂಕೆಯೇ ಇಂದಿಗೂ ಊರಿನ ಹೆಸರು. ಅಲ್ಲಿ ಹುಟ್ಟಿ ಬೆಳೆದವರು ಮನೆಯಲ್ಲಿ ಬಂಗಾಳಿಯನ್ನೂ ಪೇಟೆಯಲ್ಲಿ ಕನ್ನಡವನ್ನೂ ಆಡುತ್ತಾರೆ. ಶರದೃತುವಿನಲ್ಲಿ ದುರ್ಗಾಪೂಜೆ ನಡೆಸುತ್ತಾರೆ. ಪೌಷ ಸಂಕ್ರಾಂತಿಗೆ ಅಕ್ಕಿಹಿಟ್ಟಿನ ಪಿಠೆ ಮಾಡುತ್ತಾರೆ. ಅಂಥ ಊರಿನಲ್ಲಿ, ಬರಿಗೈಯಲ್ಲಿ ಸಂಸಾರ ಹೂಡಿದ ದಂಪತಿಗಳು ಐವತ್ತು ವರ್ಷ ಜೊತೆಯಾಗಿ ನಡೆದುಬಂದಿರುವುದು ಸಣ್ಣ ಮಾತಲ್ಲ.

ಹೀಗಿರಲು ನಾವು ಆ ಸೋದರಿಗೆ ಮೊದಲು ಬರೆದುದು ಹಿಟ್ಟಿನ ಅಳತೆಯನ್ನಲ್ಲ. “ತಾಯಿ, ಈ ಕೇಕು ನಿಮ್ಮದಲ್ಲ, ನಿಮ್ಮ ಮಾವನವರದು. ಬಾಕಿ ಉಳಿಸಿಕೊಂಡವರು ಅವರು. ಆದುದರಿಂದ ಕೆಲಸದಲ್ಲಿ ಒಂದು ಪಾಲು ಅವರ ಕೈಯಿಂದಲೇ ಆಗತಕ್ಕದ್ದು. ತೆಂಗಿನಕಾಯಿ ತುರಿಯುವ ಕೆಲಸವನ್ನು ಅವರಿಗೆ ಬಿಡಿರಿ. ಎರಡನೆಯದಾಗಿ, ನಿಮ್ಮ ಅತ್ತೆಯವರು ಏನನ್ನು ತಿನ್ನುವುದಿಲ್ಲವೆಂಬುದು ನಿಮಗೆ ಈಗ ತಿಳಿದಿದೆ, ಏನನ್ನು ಇಷ್ಟಪಟ್ಟು ತಿನ್ನುತ್ತಾರೆಂಬುದನ್ನೂ ವಿಚಾರಿಸಿಕೊಳ್ಳಿರಿ” ಎಂದು ಬರೆದೆವು. ಮರುಟಪಾಲಿನಲ್ಲಿಯೇ ಉತ್ತರ ಬಂದಿತು: ಸಂಕ್ರಾಂತಿಯ ಪಾಟಿಸಾಪ್ಟಾ ಎಂದರೆ ಅತ್ತೆಯವರಿಗೆ ಬಲು ಪ್ರೀತಿಯಂತೆ. ಅಕ್ಕಿಹಿಟ್ಟು ಬೆರೆಸಿದ ಹಿಟ್ಟನ್ನು ತೆಳ್ಳಗೆ ದೋಸೆಯಂತೆ ಹುಯ್ದು, ಒಳಗೆ ಕಾಯಿ ಬೆಲ್ಲ ಅಥವಾ ಖೋವಾ ಇಟ್ಟು ಸುರುಳಿ ಸುತ್ತುವ ಪಿಠೆ ಅದು. ಒಳಗಿನದನ್ನು ಬಂಗಾಳಿಗಳು ‘ಪುರ್’ ಎನ್ನುತ್ತಾರೆ. ನಮ್ಮ ‘ಹೂರಣ’ವೂ ಅವರ ‘ಪುರ್’ ಎಂಬುದೂ ಒಂದೇ ಬೇರಿನ ಮಕ್ಕಳು. ಚೌತಿಯ ಮೋದಕದೊಳಗೆ ಮಸ್ಕಿಯ ತಾಯಿ ಇಡುವುದೂ, ಸಂಕ್ರಾಂತಿಯ ಪಿಠೆಯೊಳಗೆ ಕ್ಯಾಂಪಿನ ಅತ್ತೆ ಇಡುವುದೂ ಒಂದೇ ಪದಾರ್ಥ. ಕೇಕಿನ ಪದರಗಳ ನಡುವೆ ಏನಿಡಬೇಕೆಂಬುದು ಅಲ್ಲಿಗೆ ನಿರ್ಧಾರವಾಯಿತು.

ಪದರದ ಭಕ್ಷ್ಯವೆಂಬುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮದುವೆಯ ಎಲೆಗೆ ಬಡಿಸುವ ಚಿರೋಟಿಯಲ್ಲಿ ಎಷ್ಟು ಪದರಗಳಿರುತ್ತವೆಂಬುದನ್ನು ಎಣಿಸಿದವರಾರು? ಬೆಳಗಾವಿಯ ಕಡೆಯ ಮಂಡಿಗೆಯೂ ಮದುವೆಯ ಭಕ್ಷ್ಯವೇ. ತೆಳ್ಳಗೆ ಬೇಯಿಸಿ ಮಡಿಕೆ ಮಡಿಕೆಯಾಗಿ ಮಡಿಸುವುದು. ಗೋವೆಯ ಬೆಬಿಂಕವನ್ನು ತೆಂಗಿನ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಮೈದಾಗಳಿಂದ ಮಾಡುತ್ತಾರೆ. ಒಂದು ಪದರವನ್ನು ಹುಯ್ದು, ಮೇಲಿನಿಂದ ಕೆಂಡದ ಕಾವು ಕೊಟ್ಟು, ಅದು ಬೆಂದ ಮೇಲೆ ತುಪ್ಪ ಸವರಿ, ಅದರ ಮೇಲೆ ಇನ್ನೊಂದನ್ನು ಹುಯ್ಯುವುದು ಅದರ ಕ್ರಮ. ಏಳು ಪದರಕ್ಕೆ ಅರ್ಧ ದಿನವೇ ಹಿಡಿಯುವುದುಂಟು. ಅದಕ್ಕೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಇವೆಲ್ಲಕ್ಕೂ ಸಾಮಾನ್ಯವಾದ ಗುಣ ಒಂದೇ: ಒಂದು ಪದರ ಸಿದ್ಧವಾಗುವವರೆಗೆ ಮುಂದಿನದಕ್ಕೆ ಅವಸರಪಡಬಾರದು.

ಮೊಟ್ಟೆಯಿಲ್ಲದ ಕೇಕೆಂದರೆ ಅದೇನು ಕೇಕು ಎಂದು ಮೂಗು ಮುರಿಯುವವರಿದ್ದಾರೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಹಾಸನದ ಸೀಮೆಯಿಂದ ಬಂದ ತಿರುಮಲಾಚಾರ್ ಎಂಬವರು ಆರಂಭಿಸಿದ ಅಂಗಡಿಯಿಂದ ಅಯ್ಯಂಗಾರ್ ಬೇಕರಿಗಳ ವಂಶ ಬೆಳೆಯಿತೆಂದು ಹೇಳುತ್ತಾರೆ. ಮೊಟ್ಟೆ ಮುಟ್ಟದ ಮನೆಗಳಿಗೂ ಕೇಕಿನ ರುಚಿ ಹತ್ತಿಸಿದವರು ಅವರೇ. ಆದರೆ ಅದಕ್ಕೂ ಹಿಂದಿನ ಕಥೆಯೊಂದುಂಟು. ಆ ಸೋದರಿಗೆ ಅದನ್ನೂ ಬರೆದೆವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಪಟ್ಟಣದಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯಿದ್ದನು. ಆತನ ಹೆಂಡತಿ ಎಲಿಜಬೆತ್‌ಳಿಗೆ ಮೊಟ್ಟೆ ಮೈಗೆ ಒಗ್ಗುತ್ತಿರಲಿಲ್ಲ. ಹಿಟ್ಟು ಹುದುಗಿಸುವ ಈಸ್ಟ್ ಕೂಡ ಒಗ್ಗುತ್ತಿರಲಿಲ್ಲ. ಆಕೆಗಾಗಿ ಆತನು 1837ರಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಮೊಟ್ಟೆಯಿಲ್ಲದ ಕಸ್ಟರ್ಡನ್ನು ಮಾಡಿದನು. 1843ರಲ್ಲಿ ಈಸ್ಟಿನ ಹಂಗಿಲ್ಲದೆ ಹಿಟ್ಟನ್ನು ಉಬ್ಬಿಸುವ ಬೇಕಿಂಗ್ ಪೌಡರನ್ನು ಸಿದ್ಧಪಡಿಸಿದನು. ಇಂದು ಲೋಕದ ಅಡುಗೆಮನೆಗಳಲ್ಲೆಲ್ಲ ಇರುವ ಆ ಪುಡಿಯ ಹಿಂದೆ ಹೆಂಡತಿಗೆ ಏನು ಒಗ್ಗದೆಂಬುದನ್ನು ಅರಿತಿದ್ದ ಗಂಡನಿದ್ದಾನೆ. ಹೂವು ಚಿತ್ರಗಳನ್ನು ಬರೆದ ಮಾತ್ರಕ್ಕೆ ಕೇಕು ಪ್ರೇಮದ ಕೇಕಾಗುವುದಿಲ್ಲ. ತಿನ್ನುವವರನ್ನು ಬಲ್ಲವರು ಮಾಡಿದುದೇ ಪ್ರೇಮದ ಕೇಕು.

ಇನ್ನು ಕ್ರಮವನ್ನು ಹೇಳುತ್ತೇವೆ. ಇದನ್ನು ಬರೆದು ಕಳುಹಿಸುವ ಮುನ್ನ ನಮ್ಮ ಮನೆಯಲ್ಲಿಯೇ ಎರಡು ಸಲ ಮಾಡಿ ನೋಡಿದೆವು. ಮೊದಲನೆಯ ಸಲ ಕೆಡಿಸಿದೆವು. ಆ ಕಥೆ ಮುಂದೆ ಬರುತ್ತದೆ.

ಒಲೆಯ ಸಿದ್ಧತೆ. ದಪ್ಪ ತಳದ ಅಗಲವಾದ ಅಲ್ಯೂಮಿನಿಯಂ ಬೋಗುಣಿಯಲ್ಲಿ ಎರಡು ಬೆರಳು ದಪ್ಪ ಒಣಗಿದ ಶುಭ್ರವಾದ ಮರಳನ್ನಾಗಲಿ ಹರಳುಪ್ಪನ್ನಾಗಲಿ ಹರಡಬೇಕು. ಅದರ ಮೇಲೆ ಒಂದು ಕಬ್ಬಿಣದ ಸಿಂಬೆಯನ್ನಿಟ್ಟು, ಭಾರವಾದ ಮುಚ್ಚಳ ಮುಚ್ಚಿ, ನಡುವಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸತಕ್ಕದ್ದು. ಪ್ರೆಶರ್ ಕುಕ್ಕರನ್ನು ಬಳಸುವುದಾದರೆ ಮುಚ್ಚಳದ ರಬ್ಬರನ್ನೂ ಮೇಲಿನ ಸೀಟಿಯನ್ನೂ ತಪ್ಪದೆ ತೆಗೆದಿಡಬೇಕು. ಕಟ್ಟಿಗೆಯ ಒಲೆಯಾದರೆ ಮುಚ್ಚಳದ ಮೇಲೆ ನಾಲ್ಕು ಕೆಂಡಗಳನ್ನಿಟ್ಟರೆ ಕೇಕಿನ ಮೇಲ್ಭಾಗವೂ ಚೆನ್ನಾಗಿ ಬಣ್ಣ ಕಟ್ಟುತ್ತದೆ.

ಹಿಟ್ಟಿನ ಅಳತೆ. 15 ಸೆಂಟಿಮೀಟರ್ ಅಗಲದ ದುಂಡು ಡಬ್ಬಿಗೆ ಒಂದು ಪದರಕ್ಕೆ ಬೇಕಾದುದು ಇಷ್ಟು: ಮೈದಾ 50 ಗ್ರಾಂ, ನುಣ್ಣನೆಯ ಅಕ್ಕಿಹಿಟ್ಟು 15 ಗ್ರಾಂ, ಪುಡಿಸಕ್ಕರೆ 50 ಗ್ರಾಂ, ಹುಳಿಯೇರದ ಗಟ್ಟಿ ಮೊಸರು 80 ಗ್ರಾಂ, ವಾಸನೆಯಿಲ್ಲದ ಎಣ್ಣೆ 35 ಮಿಲಿಲೀಟರ್, ಬೇಕಿಂಗ್ ಪೌಡರ್ ಚಹದ ಚಮಚದಿಂದ ಅರ್ಧಕ್ಕೆ ತುಸು ಕಡಿಮೆ, ಅಡುಗೆ ಸೋಡಾ ಒಂದು ದೊಡ್ಡ ಚಿಟಿಕೆ, ಉಪ್ಪು ಒಂದು ಹರಳು, ಏಲಕ್ಕಿಯ ಪುಡಿ ಸ್ವಲ್ಪ. ಮೂರು ಪದರಕ್ಕೆ ಇದರ ಮೂರರಷ್ಟು. ಸಿಂಧನೂರಿನವರಿಗೆ ಅಕ್ಕಿಹಿಟ್ಟನ್ನು ಕೊಂಡುತರಬೇಕಾಗಿಲ್ಲ. ಅದನ್ನು ಸೇರಿಸುವುದರಿಂದ ಕೇಕು ನಾರಾಗದೆ ಬಾಯಲ್ಲಿ ಮೆತ್ತಗೆ ಬಿರಿಯುತ್ತದೆ.

ಇಲ್ಲೊಂದು ಮುಖ್ಯವಾದ ಸೂಚನೆ. ಮೂರು ಪದರದ ಹಿಟ್ಟನ್ನು ಒಮ್ಮೆಗೇ ಕಲಸಿಡಬಾರದು. ಸೋಡಾವು ಮೊಸರಿನ ಹುಳಿಯೊಡನೆ ಸೇರಿದ ಕ್ಷಣದಲ್ಲಿಯೇ ಇಂಗಾಲಾಮ್ಲವಾಯು ಹುಟ್ಟತೊಡಗುತ್ತದೆ. ಆ ಗುಳ್ಳೆಗಳೇ ಕೇಕನ್ನು ಎತ್ತುವುವು. ಮೊದಲ ಪದರ ಬೇಯುವ ಇಪ್ಪತ್ತು ನಿಮಿಷ ಉಳಿದ ಹಿಟ್ಟು ಕಾದು ಕುಳಿತರೆ ಗುಳ್ಳೆಗಳೆಲ್ಲ ಹಾರಿಹೋಗಿ, ಮೂರನೆಯ ಪದರವು ರೊಟ್ಟಿಯಾಗುತ್ತದೆ. ಆದುದರಿಂದ ಒಣ ಪದಾರ್ಥಗಳನ್ನು ಜರಡಿ ಹಿಡಿದು ಮೂರು ಪಾಲು ಮಾಡಿ ಇಟ್ಟುಕೊಳ್ಳಬೇಕು. ಮೊಸರು, ಸಕ್ಕರೆ, ಎಣ್ಣೆಗಳನ್ನು ಚೆನ್ನಾಗಿ ಕಡೆದು ಮೂರು ಪಾಲು ಮಾಡಬೇಕು. ಡಬ್ಬಿಗೆ ಎಣ್ಣೆ ಸವರಿ, ತಳಕ್ಕೆ ಕಾಗದ ಹಾಸಿ, ಬೋಗುಣಿ ಕಾದ ಮೇಲೆಯೇ ಒಂದೊಂದು ಪಾಲನ್ನು ಕೂಡಿಸತಕ್ಕದ್ದು. ಕೂಡಿಸುವಾಗ ಬಹಳ ತಿರುವಬಾರದು. ಒಣಹಿಟ್ಟು ಕಾಣದಾದರೆ ಸಾಕು. ಹಿಟ್ಟು ತೀರ ಗಟ್ಟಿಯೆನಿಸಿದರೆ ಒಂದೆರಡು ಚಮಚ ಹಾಲು ಹಾಕಬಹುದು.

ಡಬ್ಬಿಯನ್ನು ಬೋಗುಣಿಯಲ್ಲಿಟ್ಟು ಮುಚ್ಚಿ, ಉರಿಯನ್ನು ತಗ್ಗಿಸಿ, ಹದಿನೈದು ನಿಮಿಷ ಮುಚ್ಚಳ ತೆಗೆಯದೆ ಬೇಯಿಸಬೇಕು. ಬಳಿಕ ತೆಂಗಿನ ಗರಿಯ ಶುದ್ಧವಾದ ಕಡ್ಡಿಯನ್ನು ನಡುವೆ ಚುಚ್ಚಿ ನೋಡಿದರೆ ಹಿಟ್ಟು ಅಂಟದೆ ಬರಬೇಕು. ಅಂಟಿದರೆ ಇನ್ನೈದು ನಿಮಿಷ. ಇಳಿಸಿದ ಮೇಲೆ ಹತ್ತು ನಿಮಿಷ ಬಿಟ್ಟು, ಒದ್ದೆಯಿಲ್ಲದ ಬಟ್ಟೆಯ ಮೇಲೆ ಬೋರಲು ಹಾಕಿ, ಕಾಗದವನ್ನು ಮೆಲ್ಲಗೆ ಸುಲಿಯತಕ್ಕದ್ದು.

ಹೂರಣ. ಹಸಿಯ ಕಾಯಿತುರಿ 150 ಗ್ರಾಂ, ಕೆರೆದ ಬೆಲ್ಲ 100 ಗ್ರಾಂ, ಖೋವಾ 50 ಗ್ರಾಂ. ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕರಗಿಸಿ ಶೋಧಿಸಿ, ಕಾಯಿಯೊಡನೆ ಸಣ್ಣ ಉರಿಯಲ್ಲಿ ಕಲಕಬೇಕು. ಪಾತ್ರೆಯ ಅಂಚನ್ನು ಬಿಡತೊಡಗಿದಾಗ ಖೋವಾವನ್ನು ಪುಡಿಮಾಡಿ ಹಾಕಿ ಇಳಿಸುವುದು. ಮೋದಕದ ಹೂರಣದಷ್ಟು ಗಟ್ಟಿಮಾಡಬಾರದು. ಚಮಚದ ಹಿಂಬದಿಯಿಂದ ಸವರುವಂತಿರಬೇಕು. ಹೊರಗಿನ ಲೇಪಕ್ಕೆ ಮತ್ತೆ 100 ಗ್ರಾಂ ಖೋವಾವನ್ನು ಎರಡು ಚಮಚ ಪುಡಿಸಕ್ಕರೆಯೊಡನೆ, ಕಾಯಿಸಿ ಆರಿಸಿದ ಹಾಲನ್ನು ಹನಿಹನಿಯಾಗಿ ಹಾಕುತ್ತ ನುಣ್ಣಗೆ ನಾದಿಟ್ಟುಕೊಳ್ಳಬೇಕು. ಬೇಕರಿಗಳಲ್ಲಿ ಕಾಣುವ ಬೆಣ್ಣೆಯ ಲೇಪ ಇದಕ್ಕಿಂತ ಚೆಂದವಾಗಿರುವುದು ನಿಜ. ಆದರೆ ಬೆಣ್ಣೆಯು 32ರಿಂದ 35 ಡಿಗ್ರಿಯಲ್ಲಿ ಕರಗುತ್ತದೆ. ಸಿಂಧನೂರಿನ ಕಡೆ ಬೇಸಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದುಂಟು. ಅತಿಥಿಗಳು ಬರುವ ಮುನ್ನವೇ ಹೂವೆಲೆಗಳು ತಟ್ಟೆಗೆ ಜಾರಿ ಬೀಳುವುವು. ಖೋವಾ ಹಾಗೆ ಜಾರುವುದಿಲ್ಲ.

ಜೋಡಿಸುವುದು. ಮೇಲೆ ಹೇಳಿದ ನಮ್ಮ ಕೆಟ್ಟ ಕೇಕಿನ ಕಥೆ ಇಲ್ಲಿ ಬರುತ್ತದೆ. ಮೂರು ಪದರಗಳೂ ಚೆನ್ನಾಗಿ ಬೆಂದುವು. ಮಕ್ಕಳು ಶಾಲೆಯಿಂದ ಬರುವ ಹೊತ್ತಾಗಿತ್ತು. ಅವರ ಕಣ್ಣಿಗೆ ಸಿದ್ಧವಾದ ಕೇಕು ಬೀಳಲಿ ಎಂಬ ಅವಸರದಿಂದ, ಇನ್ನೂ ಹಬೆಯಾಡುತ್ತಿದ್ದ ಪದರದ ಮೇಲೆ ಹೂರಣ ಸವರಿ, ಮೇಲೊಂದನ್ನು ಏರಿಸಿದೆವು. ಬಿಸಿಗೆ ಬೆಲ್ಲ ಇಳಿದು ಪಾಕವಾಯಿತು. ಮೇಲಿನ ಪದರ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಮೂರನೆಯದನ್ನು ಇಟ್ಟೊಡನೆ ಎಲ್ಲವೂ ಒಂದು ಕಡೆಗೆ ವಾಲಿ ಕುಸಿಯಿತು. ಮಕ್ಕಳು ಬಂದು, “ಇದು ಯಾವ ಊರಿನ ಉಪ್ಪಿಟ್ಟು?” ಎಂದು ಕೇಳಿದರು. ತಿಂದು ಮುಗಿಸಿದರೆನ್ನಿ, ಆದರೆ ನಾವು ಪಾಠ ಕಲಿತೆವು. ಪದರಗಳನ್ನು ಬಟ್ಟೆಯಲ್ಲಿ ಸುತ್ತಿ, ಒಂದು ಗಂಟೆಗೆ ಕಡಿಮೆಯಿಲ್ಲದಂತೆ, ಕೈಯಿಟ್ಟರೆ ತಣ್ಣಗಿರುವವರೆಗೆ ಬಿಡಲೇಬೇಕು. ಹೂರಣವೂ ತಣ್ಣಗಿರಬೇಕು. ಕಾವು ಇಳಿಯುವ ಮುನ್ನ ಒಂದರ ಮೇಲೊಂದನ್ನು ಹೇರಿದರೆ ಯಾವುದೂ ನಿಲ್ಲದೆಂಬುದು ಕೇಕಿಗೆ ಮಾತ್ರ ಸಲ್ಲುವ ನಿಯಮವಲ್ಲ. ಸಂಸಾರ ಮಾಡಿದವರೆಲ್ಲ ಇದನ್ನು ಬಲ್ಲರು.

ತಣಿದ ಪದರಗಳ ಉಬ್ಬಿದ ನೆತ್ತಿಯನ್ನು ಚೂರಿಯಿಂದ ಮಟ್ಟಮಾಡಿಕೊಳ್ಳಬೇಕು; ಕತ್ತರಿಸಿದ ಚೂರುಗಳು ಮಕ್ಕಳ ಪಾಲು. ಮೊದಲ ಪದರದ ಮೇಲೆ ಆರಿದ ಹಾಲನ್ನು ಎರಡು ಚಮಚದಷ್ಟು ಚಿಮುಕಿಸಿ, ಅಂಚಿಗೆ ಅರ್ಧ ಬೆರಳಿನಷ್ಟು ಜಾಗ ಬಿಟ್ಟು ಹೂರಣ ಸವರಿ, ಎರಡನೆಯದನ್ನಿಟ್ಟು ಮೆಲ್ಲಗೆ ಒತ್ತುವುದು, ಹೀಗೆಯೇ ಮೂರನೆಯದು. ಅದನ್ನು ಬೋರಲಾಗಿ ಇಟ್ಟರೆ ನುಣುಪಾದ ತಳವೇ ಮೇಲೆ ಬರುತ್ತದೆ. ಪದರವೇನಾದರೂ ಬಿರಿದರೆ ಗಾಬರಿಪಡಬೇಕಾದುದಿಲ್ಲ. ಬಿರಿದುದನ್ನು ನಡುವೆ ಇಡತಕ್ಕದ್ದು, ಹೂರಣವು ಅದನ್ನು ಹಿಡಿದುಕೊಳ್ಳುತ್ತದೆ. ಮೇಲೆ ಖೋವಾದ ಲೇಪವನ್ನು ಒದ್ದೆ ಚೂರಿಯಿಂದ ಎಳೆದು, ಮನೆಯಲ್ಲಿಯೇ ಬೆಳೆದ, ಔಷಧ ಹೊಡೆಯದ ಗುಲಾಬಿಯ ನಾಲ್ಕು ಎಸಳುಗಳನ್ನಿಟ್ಟರೆ ಅಲಂಕಾರವಾಯಿತು. ಹಸಿಕಾಯಿ ಸೇರಿರುವುದರಿಂದ ಇದನ್ನು ಅಂದೇ ತಿಂದು ಮುಗಿಸಬೇಕು. ಉಳಿದರೆ ತಂಪು ಪೆಟ್ಟಿಗೆಯಲ್ಲಿ ಒಂದು ದಿನ ಇಡಬಹುದು, ಹೊರಗೆ ಸರ್ವಥಾ ಇಡಕೂಡದು.

ಇಷ್ಟನ್ನು ಬರೆದು ಕಳುಹಿಸಿ ನಾವು ಬೇರೆ ಕೆಲಸಗಳಲ್ಲಿ ತೊಡಗಿದ್ದೆವು. ಚೈತ್ರದಲ್ಲಿ ಮತ್ತೊಂದು ಕಾಗದ ಬಂದಿತು.

ಮಾವನವರು ಅಂದು ಬೆಳಗ್ಗೆ ಗದ್ದೆಗೆ ಹೋಗದೆ ತುರಿಯುವ ಮಣೆಯ ಮೇಲೆ ಕುಳಿತರಂತೆ. ಕಾಯಿಯ ಅರ್ಧದಷ್ಟು ನೆಲಕ್ಕೆ ಬಿದ್ದಿತಂತೆ. ಅತ್ತೆಯವರು ಬಂದು, ಐವತ್ತು ವರ್ಷದಲ್ಲಿ ಒಂದು ದಿನವೂ ಕುಳಿತವರಲ್ಲ, ಇಂದೇನು ಬಂದಿತು ಎಂದು ಕೇಳಿದರೆ, “ಸಾಲ ತೀರಿಸುತ್ತಿದ್ದೇನೆ, ಅಡ್ಡ ಬರಬೇಡ” ಎಂದರಂತೆ. ಎರಡನೆಯ ಪದರ ನಡುವೆ ಬಿರಿದಿತು; ನಾವು ಹೇಳಿದಂತೆ ಅದನ್ನು ಒಳಗಿಟ್ಟು ಮುಚ್ಚಿದುದರಿಂದ ಯಾರಿಗೂ ತಿಳಿಯಲಿಲ್ಲ. ಸಂಜೆ ನೆರೆಮನೆಯವರು ಸೇರಿದರು. ಮಾವನವರು ಕತ್ತರಿಸಿ ಮೊದಲ ತುಂಡನ್ನು ತಟ್ಟೆಯಲ್ಲಿಟ್ಟು ಅತ್ತೆಯವರ ಮುಂದೆ ಹಿಡಿದರು. ಮುಂದಿನದನ್ನು ಆ ಸೋದರಿಯ ಮಾತಿನಲ್ಲಿಯೇ ಕೇಳಬಹುದು.

“ಅತ್ತೆಯವರು ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ನನಗೆ ಹೋದ ವರ್ಷದ್ದೇ ನೆನಪಾಗಿ ಎದೆ ಹೊಡೆದುಕೊಳ್ಳುತ್ತಿತ್ತು. ನಾನು ಬಾಯಿ ತೆರೆಯುವ ಮುನ್ನವೇ ಮಾವನವರು, ‘ಮೊಟ್ಟೆಯಿಲ್ಲ. ನಾನೇ ನಿಂತು ನೋಡಿದ್ದೇನೆ’ ಎಂದರು. ಅವರು ಒಂದು ಚೂರನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಇದು ಪಾಟಿಸಾಪ್ಟಾದ ಪುರ್ ಅಲ್ಲವೆ?’ ಎಂದು ಕೇಳಿದರು. ತಟ್ಟೆಯಲ್ಲಿದ್ದುದನ್ನೆಲ್ಲ ತಿಂದು ಮುಗಿಸಿ, ‘ಬೆಲ್ಲ ಸ್ವಲ್ಪ ಹೆಚ್ಚಾಯಿತು, ಬೌಮಾ. ಕಾಯಿಯನ್ನೂ ಇನ್ನಷ್ಟು ಸಣ್ಣಗೆ ತುರಿಯಬೇಕಿತ್ತು. ಮುಂದಿನ ಸಂಕ್ರಾಂತಿಗೆ ನನ್ನ ಜೊತೆಯಲ್ಲಿ ಕುಳಿತುಕೋ, ತೋರಿಸುತ್ತೇನೆ’ ಎಂದರು. ಎರಡು ವರ್ಷಗಳಲ್ಲಿ ನನ್ನ ಕೈಯಡುಗೆಗೆ ಅವರು ತಪ್ಪು ಹೇಳಿದುದು ಇದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂಬುದನ್ನು ಬರೆಯಲಾರೆ.”

ಬಂಗಾಳಿಗಳು ಸೊಸೆಯನ್ನು ‘ಬೌಮಾ’ ಎಂದು ಕರೆಯುತ್ತಾರೆ. ಆ ಮಾತಿನ ಕೊನೆಯಲ್ಲಿ ‘ಮಾ’ ಇದೆಯೆಂಬುದನ್ನು ವಾಚಕರು ಗಮನಿಸಬೇಕು.

ಈಗ ವೈಶಾಖ ಬಂದಿದೆ. ಮನೆಮನೆಗಳಲ್ಲಿ ಮದುವೆಯ ಮಾತು, ಮದುವೆಯಾದವರ ವರ್ಷದ ದಿನಗಳು ಸಾಲುಗಟ್ಟಿ ಬರುತ್ತವೆ. ಅದಕ್ಕಾಗಿಯೇ ಒಬ್ಬರಿಗೆ ಬರೆದುದನ್ನು ಎಲ್ಲರಿಗೂ ಸಲ್ಲಲೆಂದು ಅಚ್ಚುಹಾಕಿಸಿದ್ದೇವೆ. ಮಾಡುವವರು ಯಾರಿಗಾಗಿ ಮಾಡುತ್ತೀರೋ ಅವರಿಗೆ ಯಾವುದು ಒಗ್ಗದೆಂಬುದನ್ನು ಮೊದಲು ಕೇಳಿಕೊಳ್ಳಿರಿ. ಗಂಡಸರು ಕಾಯಿ ತುರಿಯಲು ನಾಚಬೇಡಿರಿ. ಪದರ ತಣಿಯುವವರೆಗೆ ಕಾಯಿರಿ.

ಕೊನೆಗೆ ಒಂದು ತಪ್ಪೊಪ್ಪಿಗೆ. ಆರ್.ಎಚ್. ಕ್ಯಾಂಪಿಗೆ ಬರೆದ ಕಾಗದದಲ್ಲಿ ಹೂರಣಕ್ಕೆ ಬೆಲ್ಲ 125 ಗ್ರಾಂ ಎಂದು ನಾವು ತಿಳಿಸಿದ್ದೆವು. ಹೆಚ್ಚಾದ ಬೆಲ್ಲ ನಮ್ಮದು, ಆ ಸೋದರಿಯದಲ್ಲ. ಹಿರಿಯರ ಮಾತಿಗೆ ಮನ್ನಣೆ ಕೊಟ್ಟು ಮೇಲಿನ ಅಳತೆಯಲ್ಲಿ ಅದನ್ನು 100 ಗ್ರಾಂ ಎಂದು ತಿದ್ದಿದ್ದೇವೆ.